ಏಕಾದಶಿಯ ನೀರು

ಮಾಸ್ತರರು ಮೊದಲ ಸಲ ನನ್ನೆದುರು ಕೂತಾಗ ಕೇಳಿದ್ದು ರೋಗದ ಬಗ್ಗೆ ಅಲ್ಲ, ಕೂದಲಿನ ಬಗ್ಗೆ.

“ಡಾಕ್ಟರಮ್ಮಾ, ಈ ಔಷಧಕ್ಕ ಕೂದಲಾ ಉದರ್ತಾವೇನ್ರಿ?”

ನನಗೆ ನಗು ತಡೆಯಲಾಗಲಿಲ್ಲ. ತಲೆಯ ಮೇಲೆ ಇದ್ದದ್ದೇ ಕಿವಿಗಳ ಹತ್ತಿರ ಎರಡು ಬಿಳಿ ಪಟ್ಟಿ, ಹಿಂದೊಂದು ಚೋಟುದ್ದ ಜುಟ್ಟು. “ಉದುರಾಕ ಮೊದಲು ಇರಬೇಕಲ್ರಿ ಮಾಸ್ತರ್ರೇ” ಎಂದೆ. ಅವರೂ ನಕ್ಕರು. ಪಕ್ಕದಲ್ಲಿದ್ದ ಮಗಳು ನಗಲಿಲ್ಲ. ಆಕೆ ಬಳ್ಳಾರಿಯಲ್ಲೇ ಬ್ಯಾಂಕಿನಲ್ಲಿ ಕ್ಲಾರ್ಕು. ಅಪ್ಪನ ಸ್ಕ್ಯಾನಿನ ಚೀಲವನ್ನು ಎದೆಗೆ ಅವಚಿಕೊಂಡು, ನಾನು ಬಾಯಿ ತೆರೆದಾಗಲೆಲ್ಲ ಹೆದರಿ ನೋಡುತ್ತಿದ್ದಳು.

ಸಿರುಗುಪ್ಪದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರರಿಗೆ ಎಪ್ಪತ್ತೈದರ ಹತ್ತಿರ ವಯಸ್ಸು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಬಲಗಡೆಯ ಶ್ವಾಸಕೋಶದಲ್ಲಿ ಗಡ್ಡೆ, ಅದರ ಸುತ್ತ ನೀರು, ಲಿವರಿನಲ್ಲಿ ಚುಕ್ಕೆಗಳು. ನಾಲ್ಕನೇ ಹಂತದ ಕ್ಯಾನ್ಸರ್. ಮಾತ್ರೆಯಿಂದ ಹಿಡಿತಕ್ಕೆ ಬರುವ ಬಗೆ ಇರಬಹುದೆಂದು ಪರೀಕ್ಷೆಗೆ ಕಳಿಸಿದ್ದೆ, ಅದೂ ಅಲ್ಲವೆಂದು ಬಂದಿತ್ತು. ಸೋರಿಯಾಸಿಸ್ ಎಂಬ ಹಳೆಯ ಚರ್ಮರೋಗ ಇದ್ದದ್ದರಿಂದ, ಅದನ್ನು ಕೆರಳಿಸಬಹುದಾದ ಇಮ್ಯುನೋಥೆರಪಿ ಕೊಡಲು ನನಗೆ ಧೈರ್ಯವಿರಲಿಲ್ಲ. ಉಳಿದದ್ದು ಕೀಮೋ ಒಂದೇ.

ಇದೆಲ್ಲವನ್ನೂ ಅವರಿಗೇ ಹೇಳಿದೆ. ನಮ್ಮ ಕಡೆ ಮನೆಯವರು ರೋಗಿಯನ್ನು ಹೊರಗೆ ಕೂರಿಸಿ, ನನ್ನ ಕೈ ಹಿಡಿದು “ಅವರಿಗೆ ಮಾತ್ರ ಹೇಳಬ್ಯಾಡ್ರಿ” ಅನ್ನುವುದೇ ಹೆಚ್ಚು. ಮಾಸ್ತರರು ಹಾಗಿರಲಿಲ್ಲ. ಎಲ್ಲವನ್ನೂ ಬಿಡಿಸಿ ಕೇಳಿದರು. ರೋಗ ಪೂರ್ತಿ ಹೋಗುವುದಿಲ್ಲ, ಉಸಿರು ಹಗುರಾಗಬಹುದು, ಕೆಲವು ತಿಂಗಳು ಹೆಚ್ಚು ಸಿಗಬಹುದು, ಸಿಗದೆಯೂ ಇರಬಹುದು ಎಂದೆ.

“ಸಿಗೋ ತಿಂಗಳು ನನ್ನ ಕಾಲ ಮ್ಯಾಲೆ ನಾ ಅಡ್ಡಾಡಿಕೊಂಡು ಇರಬೇಕ್ರಿ. ಅಷ್ಟಾದ್ರ ಸಾಕು” ಎಂದರು. ಆಮೇಲೆ ಮತ್ತೆ ಕೂದಲಿಗೇ ಬಂದರು. “ಖರೇ ಹೇಳ್ರಿ, ಉದರ್ತಾವೇನು?”

ಪೆಮೆಟ್ರೆಕ್ಸೆಡ್, ಕಾರ್ಬೊಪ್ಲಾಟಿನ್ ಎಂಬ ಎರಡು ಔಷಧಗಳ ಜೋಡಿಗೆ ಅಷ್ಟಾಗಿ ಉದುರುವುದಿಲ್ಲ ಎಂದೆ. “ಹಂಗಾದ್ರ ಇದನ್ನಽ ಕೊಡ್ರಿ” ಎಂದು ಅಂಗಡಿಯಲ್ಲಿ ಧೋತರ ಆರಿಸಿದ ಹಾಗೆ ಆರಿಸಿಬಿಟ್ಟರು. ಮುದುಕರ ಶೋಕಿ ಅಂದುಕೊಂಡು ಸುಮ್ಮನಾದೆ.

ವಯಸ್ಸಾದವರಿಗೆ ಕೀಮೋ ಕೊಡುವುದೆಂದರೆ ಬಾಟಲಿ ಹಚ್ಚುವ ಮುಂಚೆಯೇ ಮುಕ್ಕಾಲು ಕೆಲಸ ಮುಗಿದಿರಬೇಕು. ವಯಸ್ಸಿನ ಸಂಖ್ಯೆ ನೋಡಿ ಬೇಡವೆನ್ನುವುದೂ ತಪ್ಪು, ಬೇಕೆನ್ನುವುದೂ ತಪ್ಪು. ಕುರ್ಚಿಯಿಂದ ಕೈ ಊರದೆ ಎದ್ದು, ಬಾಗಿಲವರೆಗೆ ನಡೆದು, ತಿರುಗಿ ಬಂದು ಕೂರಲು ಹೇಳಿದೆ. ಪೆರೇಡ್ ಮಾಡಿದ ಹಾಗೆ ಮಾಡಿದರು. ಊಟ ಎಷ್ಟು, ತೂಕ ಎಷ್ಟು ಇಳಿದಿದೆ, ಎಂದಾದರೂ ಬಿದ್ದಿದ್ದೀರಾ, ಯಾವ ನೋವಿನ ಮಾತ್ರೆ ನುಂಗುತ್ತೀರಿ, ಬಟ್ಟೆ ಯಾರು ಒಗೆಯುತ್ತಾರೆ, ಎಲ್ಲ ಕೇಳಿದೆ. ಬಟ್ಟೆ ತಾವೇ ಒಗೆದುಕೊಂಡು ಮಡಿಗೆ ಒಣಹಾಕುತ್ತೇನೆ ಎಂದರು. ಕಿಡ್ನಿಯ ಹದ ತೋರಿಸುವ ರಕ್ತದ ಕ್ರಿಯಾಟಿನಿನ್ ಒಂದು ಇತ್ತು, ನೋಡಲು ಸರಿಯೇ. ಆದರೆ ಮೈಯಲ್ಲಿ ಮಾಂಸವಿಲ್ಲದ ಮುದುಕರಲ್ಲಿ ಆ ಒಂದು ಎಂಬುದು ಕಣ್ಣಿಗೆ ಮಣ್ಣೆರಚುತ್ತದೆ. ವಯಸ್ಸು, ತೂಕ ಹಾಕಿ ಲೆಕ್ಕ ಮಾಡಿದರೆ ಕಿಡ್ನಿ ಸೋಸುವ ಶಕ್ತಿ ಪೆಮೆಟ್ರೆಕ್ಸೆಡ್ ಕೊಡಲು ಬೇಕಾದ ಗಡಿಯಿಂದ ಸ್ವಲ್ಪವೇ ಮೇಲಿತ್ತು. ಈ ಔಷಧ ಮೈಯಿಂದ ಹೊರಗೆ ಹೋಗುವುದು ಕಿಡ್ನಿಯ ಮೂಲಕವೇ. ಕಿಡ್ನಿ ನಿಂತರೆ ಔಷಧ ಒಳಗೇ ಉಳಿದು ಗಡ್ಡೆಯ ಜೊತೆಗೆ ಮನುಷ್ಯನನ್ನೂ ತಿನ್ನುತ್ತದೆ.

ಅದಕ್ಕೇ ಎದೆಯ ನೀರು ತೆಗೆಸಿ, ಬಿ-ಟ್ವೆಲ್ವ್ ಇಂಜೆಕ್ಷನ್ ಹಾಕಿ, ವಾರ ಮುಂಚಿನಿಂದ ಫೋಲಿಕ್ ಆಸಿಡ್ ಶುರು ಮಾಡಿಸಿ, ಡೋಸನ್ನು ತುಸು ಇಳಿಸಿಯೇ ಬರೆದೆ. ಔಷಧ ಹರಿಯುವಾಗ ಮಾಸ್ತರರು ಬಾಟಲಿ ನೋಡುತ್ತ ನಿಮಿಷಕ್ಕೆ ಎಷ್ಟು ಹನಿ ಬೀಳುತ್ತವೆಂದು ಸಿಸ್ಟರ್ ಜೊತೆ ವಾದಕ್ಕೆ ಬಿದ್ದಿದ್ದರು. ಸಂಜೆ ಮನೆಗೆ ಕಳಿಸುವಾಗ ನಾನೇ ಎದುರು ನಿಂತು ಹೇಳಿದೆ.

“ನೀರು. ಇನ್ನ ಒಂದು ವಾರ ನೀರಽ ನಿಮ್ಮ ಔಷಧ. ದಿನಾ ಎರಡೂವರೆ ಲೀಟರ್. ನೀರು ಕಡಿಮಿ ಆದ್ರ ಕಿಡ್ನಿ ನಿಂತು, ಔಷಧ ಒಳಗಽ ಉಳಿದು ಜೀವಾ ತೆಗೀತೈತಿ. ಬಾಯಾರಲಿ, ಬಾಯಾರದಿರಲಿ.”

“ಆಗ್ಲಿ ತಾಯಿ” ಎಂದರು. ಆ ಮುಖದಲ್ಲಿ ಅಳುಕು ಕಾಣಲಿಲ್ಲ.

ಮರುದಿನ ಸಿರುಗುಪ್ಪಕ್ಕೆ ಹೋದರು. ಅದರ ಮರುದಿನ ಸಿಸ್ಟರ್ ಫೋನ್ ಮಾಡಿದಾಗ “ಆರಾಮ ಇದ್ದೀನಿ” ಎಂದರಂತೆ. ನಾವು ಕೊಡುವ ಸ್ಟೆರಾಯ್ಡ್ ಮಾತ್ರೆಯ ಹುಮ್ಮಸ್ಸಿನಲ್ಲಿ ಆ ಒಂದೆರಡು ದಿನ ಎಲ್ಲರೂ ಆರಾಮವಾಗಿಯೇ ಇರುತ್ತಾರೆ.

ಅದಾದ ಮೇಲಿನ ವಾರ ಮಗಳು ಅಪ್ಪನನ್ನು ಕಾರಿನಲ್ಲಿ ಮಲಗಿಸಿಕೊಂಡು ಬಂದಳು. ಸ್ಟ್ರೆಚರಿನಲ್ಲಿದ್ದವರು ಅದೇ ಮಾಸ್ತರರೆಂದು ನನಗೆ ಗುರುತೇ ಸಿಗಲಿಲ್ಲ. ಮೈ ಕೆಂಡದಂತೆ ಕಾದಿತ್ತು. ತುಟಿ ಒಡೆದು ರಕ್ತ ಕಟ್ಟಿತ್ತು. ಟಾರ್ಚು ಬಿಟ್ಟು ನೋಡಿದರೆ ಬಾಯೊಳಗೆ ಹುಣ್ಣಿಲ್ಲದ ಜಾಗವಿಲ್ಲ. ಮಾತಾಡಲು ಹೋದರು, ದನಿ ಹೊರಡಲಿಲ್ಲ.

ರಕ್ತದ ವರದಿ ಬಂತು. ಬಿಳಿ ರಕ್ತಕಣಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪ್ಲೇಟ್ಲೆಟ್ ನೆಲ ಹಿಡಿದಿತ್ತು. ಕ್ರಿಯಾಟಿನಿನ್ ನಾಲ್ಕು ದಾಟಿತ್ತು. ನಾನು ಲ್ಯಾಬಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಯಾರದೋ ರಕ್ತ ಯಾರದೋ ಹೆಸರಿಗೆ ಹಾಕಿದ್ದೀರಿ ಎಂದೆ. ಅವರು ಪಾಪ, ಇನ್ನೊಮ್ಮೆ ರಕ್ತ ತರಿಸಿಕೊಂಡು ಪರೀಕ್ಷೆ ಮಾಡಿದರು. ಅದೇ ಬಂತು.

ಇಳಿಸಿದ ಡೋಸಿಗೆ ಇಷ್ಟು ಅನಾಹುತವೇ? ನಾನು ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ನೋಡಿದೆ. ಲೆಕ್ಕ ಸರಿಯಿತ್ತು. ಔಷಧದ ಬಾಟಲಿಯ ಬ್ಯಾಚು ನೋಡಿದೆ, ಸರಿಯಿತ್ತು. ಫೋಲಿಕ್ ಆಸಿಡ್ ತಪ್ಪಿಸಿರಲಿಲ್ಲ. ಕಾರಣ ಹುಡುಕುತ್ತ ಕೂರಲು ಹೊತ್ತಿರಲಿಲ್ಲ. ಪ್ರತ್ಯೇಕ ಕೋಣೆ, ಆಂಟಿಬಯಾಟಿಕ್, ಸಲೈನ್, ಬಿಳಿ ಕಣ ಎಬ್ಬಿಸುವ ಇಂಜೆಕ್ಷನ್, ಔಷಧದ ವಿಷ ಇಳಿಸಲು ಲ್ಯುಕೊವೊರಿನ್, ಎಲ್ಲ ಶುರುವಾಯಿತು. ಡಯಾಲಿಸಿಸ್‌ನವರಿಗೂ ಹೇಳಿ ಇಟ್ಟೆ.

ಮಾಸ್ತರರ ಹೆಂಡತಿಯನ್ನು ನಾನು ನೋಡಿದ್ದು ಆಗಲೇ. ನೀಟಾಗಿ ಕಚ್ಚೆ ಹಾಕಿ ಉಟ್ಟ ಒಂಬತ್ತು ಗಜದ ಸೀರೆ, ಹಣೆಯಲ್ಲಿ ಕುಂಕುಮದ ಕೆಳಗೆ ಸಣ್ಣಗೆ ಗಂಧ. ಮುಖಕ್ಕೆ ನಾವು ಕೊಟ್ಟ ಮಾಸ್ಕು. ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಗೋಡೆಗೂ ತಾಕದ ಹಾಗೆ ಕೂತಿರುತ್ತಿದ್ದರು. ಆಸ್ಪತ್ರೆಯ ನೀರು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಆಟೋ ಹಿಡಿದು ಮಗಳ ಮನೆಗೆ ಹೋಗಿ ಕುಡಿದು ಬರುತ್ತಿದ್ದರು. ಮಗಳು ನನ್ನನ್ನು ಬಾಗಿಲಲ್ಲೇ ತಡೆದು ಪಿಸುಗುಟ್ಟಿದಳು. “ಮೇಡಂ, ಅಮ್ಮಗ ಗೊತ್ತಿಲ್ರಿ. ಪುಪ್ಪಸದಾಗ ನೀರು ತುಂಬ್ಯದ, ಅದಕ್ಕ ಔಷಧಾ ಅಂತ ಹೇಳೇವಿ.”

ಅಬ್ಬಾ, ಇಲ್ಲೂ ಬಚ್ಚಿಡುವ ಆಟ ಇತ್ತು! ಮನೆಯವರು ರೋಗಿಯಿಂದ ಮುಚ್ಚಿಡುವುದನ್ನು ನೋಡಿ ನೋಡಿ ಸಾಕಾಗಿತ್ತು. ಇಲ್ಲಿ ರೋಗಿಯೇ ಹೆಂಡತಿಯಿಂದ ಮುಚ್ಚಿಟ್ಟಿದ್ದರು. ಕೂದಲಿನ ಪ್ರಶ್ನೆ ಯಾಕೆಂದು ಆಗ ತಿಳಿಯಿತು. ಸರಿ, ಅವರ ಸಂಸಾರ ಅವರದು ಎಂದು ನಾನು ತಲೆ ಹಾಕಲಿಲ್ಲ.

ಸಲೈನ್ ಹೋದ ಹಾಗೆಲ್ಲ ಕಿಡ್ನಿ ಸ್ವಲ್ಪ ಸ್ವಲ್ಪವೇ ಎದ್ದಿತು. ಅಂದರೆ ಅದು ಒಣಗಿ ಕೆಟ್ಟದ್ದು. ವಾಂತಿ ಭೇದಿ ಆಗಿತ್ತೇ ಎಂದು ಕೇಳಿದರೆ ಮೊದಲಿಗೆ ಏನೂ ಇರಲಿಲ್ಲವಂತೆ. ಮಾಸ್ತರರಿಗೆ ದನಿ ಮರಳಿದ ದಿನ ಹಾಸಿಗೆಯ ಪಕ್ಕ ನಿಂತು ನೇರವಾಗಿ ಕೇಳಿದೆ.

“ಮಾಸ್ತರ್ರೇ, ನಾ ಹೇಳಿದಷ್ಟು ನೀರು ಕುಡಿದ್ರಿಲ್ಲೋ?”

ಅವರು ಉತ್ತರ ಕೊಡುವ ಮುಂಚೆ ಮೂಲೆಯಿಂದ ಅಮ್ಮನವರು ಹೆಮ್ಮೆಯಿಂದ ಹೇಳಿದರು. “ದಿನಾ ಕುಡದಾರ್ರೀ. ಏಕಾದಶಿ ಒಂದಿನಾ ಬಿಟ್ಟು.”

“ಬಿಟ್ಟು ಅಂದ್ರ?”

“ಬಿಟ್ಟು ಅಂದ್ರ ಬಿಟ್ಟು. ಏಕಾದಶಿಗೆ ನೀರ್ಯಾರು ಕುಡೀತಾರ್ರೀ?”

ನಾನು ಕುರುಗೋಡಿನವಳು, ಶೈವರ ಮನೆಯ ಹುಡುಗಿ. ನಮ್ಮ ಮನೆಯಲ್ಲಿ ಉಪವಾಸವೆಂದರೆ ಉಳಿದ ದಿನಕ್ಕಿಂತ ಹೆಚ್ಚು ಅಡುಗೆ. ಸಾಬೂದಾನಿ, ಶೇಂಗಾ ಉಂಡಿ, ಬಾಳೆಹಣ್ಣು, ಲೆಕ್ಕವಿಲ್ಲದಷ್ಟು ಚಹಾ. ನೀರನ್ನೂ ಬಿಡುವವರು ಇದ್ದಾರೆಂದು ಕೇಳಿದ್ದೆ, ಅಷ್ಟೇ. ಅಮ್ಮನವರು ವಿವರಿಸಿದರು. ದಶಮಿಯಂದು ಒಂದೇ ಊಟ. ಮಧ್ಯಾಹ್ನ ಎಲೆಯಿಂದ ಎದ್ದರೆ ಮುಗಿಯಿತು. ಏಕಾದಶಿ ಪೂರ್ತಿ ಬಾಯಿಗೆ ಹನಿ ಇಲ್ಲ. ದ್ವಾದಶಿ ಬೆಳಿಗ್ಗೆ ಪೂಜೆಯಾದ ಮೇಲೆಯೇ ಪಾರಣೆ. ಮದುವೆಯಾದಾಗಿನಿಂದ ಗಂಡ ಹೆಂಡತಿ ಇಬ್ಬರೂ ಒಂದೂ ತಪ್ಪಿಸಿಲ್ಲವಂತೆ. ಏಕಾದಶಿ ಬಂದದ್ದು ಕೀಮೋ ಆದ ಮರುದಿನ ಬಿಟ್ಟು ಅದರ ಮರುದಿನ. ಬಳ್ಳಾರಿ ಸೀಮೆಯ ಬೇಸಿಗೆ. ಪೆಮೆಟ್ರೆಕ್ಸೆಡ್ ಮೈಯಲ್ಲಿ. ಸಿಸ್ಟರ್ ಫೋನ್ ಮಾಡಿದಾಗ “ಆರಾಮ ಇದ್ದೀನಿ” ಎಂದಿದ್ದರಲ್ಲ, ಅದೂ ಅವತ್ತೇ.

ಮಾಸ್ತರರು ಕಣ್ಣು ಮುಚ್ಚಿಕೊಂಡರು.

ಮಧ್ಯಾಹ್ನ ಅಮ್ಮನವರು ಮಗಳ ಮನೆಗೆ ಹೋದದ್ದನ್ನು ನೋಡಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದೆ. ಸಿಟ್ಟು ನೆತ್ತಿಗೇರಿತ್ತು.

“ಗಣಿತದ ಮಾಸ್ತರ್ರು ನೀವು. ನೀರಽ ಔಷಧ ಅಂತ ಬಡಕೊಂಡಿದ್ದೆ. ತಿಳೀಲಿಲ್ಲೇನ್ರಿ? ಮರತ್ರೇನು?”

“ಮರ್ತಿಲ್ರಿ” ಎಂದರು. ಹುಣ್ಣಿನ ಬಾಯಲ್ಲಿ ಒಂದೊಂದೇ ಮಾತು. “ಎಲ್ಲಾ ನೆನಪಿತ್ತು. ದೇವರಮನಿ ಮುಂದ ಲೋಟಾ ಹಿಡಕೊಂಡು ನಿಂತಿದ್ದೆ. ಆಕಿ ಎದುರಿಗೇ ಇದ್ಲು. ನೀರು ಕುಡದಿದ್ರ ಆಕಿಗೆ ಗೊತ್ತಾಗಿಬಿಡ್ತಿತ್ರಿ.”

“ಏನು ಗೊತ್ತಾಗ್ತಿತ್ತು?”

“ಟೈಫಾಯ್ಡ್ ಬಂದಾಗ ನಾ ಏಕಾದಶಿ ಬಿಡಲಿಲ್ಲ. ಹರ್ನಿಯಾ ಆಪರೇಷನ್ ಆದಾಗ ಬಿಡಲಿಲ್ಲ. ಈಗ ಬರೇ ಪುಪ್ಪಸದ ನೀರಿಗೆ ಬಿಟ್ಟೆ ಅಂದ್ರ, ಆಕಿ ಹುಚ್ಚಿ ಅಲ್ಲ.”

ಈ ಮನುಷ್ಯ ತಿಳಿಯದೆ ಮಾಡಿದ್ದಲ್ಲ. ಕಿಡ್ನಿ ನಿಂತು ಔಷಧವೇ ಕೊಲ್ಲಬಹುದೆಂದು ನನ್ನ ಬಾಯಿಂದಲೇ ಕೇಳಿ, ಗೊತ್ತಿದ್ದೂ, ಹೆಂಡತಿಯ ಮುಂದೆ ಸಂಶಯ ಬರಬಾರದೆಂದು ಒಣಗಿ ಮಲಗಿದ್ದರು. ಇಷ್ಟು ವರ್ಷಗಳಲ್ಲಿ ರೋಗಿಗಳು ಬೇರಿನ ಪುಡಿ ತಿಂದು ಬಂದದ್ದನ್ನು ನೋಡಿದ್ದೇನೆ, ಡೋಸ್ ತಪ್ಪಿಸಿಕೊಂಡು ಓಡಿಹೋದದ್ದನ್ನು ನೋಡಿದ್ದೇನೆ. ಇದನ್ನು ನೋಡಿರಲಿಲ್ಲ.

“ಆಕಿ ಅಕ್ಕ ಇದಽ ರೋಗದಾಗ ಹೋದ್ಲು” ಎಂದರು ಮಾಸ್ತರರು. “ಹೆಸರು ಕೇಳಿದ ದಿನದಿಂದ ಇವಳು ಊಟಾ ಬಿಟ್ಟಿದ್ಲು. ಮತ್ತ ಆ ಹೆಸರು ಆಕಿ ಕಿವಿಗೆ ಹಾಕಲಾರೆ.”

“ಹಂಗಾದ್ರ ಕೇಳ್ರಿ” ಎಂದೆ. “ಅಮ್ಮಾರಿಗೆ ಹೇಳೂತನಕ ನಿಮಗ ಇನ್ನೊಂದು ಹನಿ ಕೀಮೋ ಕೊಡಂಗಿಲ್ಲ. ನಿಮ್ಮ ಅಡಗಿಮನಿ ಅವರ ಕೈಯಾಗ ಐತಿ. ನಿಮ್ಮ ನೀರು ಅವರ ಕೈಯಾಗ ಐತಿ. ಅವರಿಗೆ ಗೊತ್ತಿಲ್ಲದಽ ನಿಮ್ಮನ್ನ ಉಳಿಸೋದು ನನ್ನ ಕೈಯಾಗ ಆಗಂಗಿಲ್ಲ.”

“ಹಂಗಾದ್ರ ಬ್ಯಾಡ ಬಿಡ್ರಿ” ಎಂದರು, ತಣ್ಣಗೆ.

ಬಿಳಿ ಕಣ ಏರಿ, ಬಾಯಿಯ ಹುಣ್ಣು ಮಾಗಿದ ಮೇಲೆ ಅವರನ್ನು ಮನೆಗೆ ಕಳಿಸಿದೆ. ಕ್ರಿಯಾಟಿನಿನ್ ಇಳಿದರೂ ಮೊದಲಿನ ಜಾಗಕ್ಕೆ ಬರಲಿಲ್ಲ. ಮಗಳು ನನ್ನ ಮೇಲೆ ಮುನಿಸಿಕೊಂಡಳು. ಡಾಕ್ಟರ್ ಆದವರು ಹೀಗೆ ಷರತ್ತು ಹಾಕಬಹುದೇ ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ನನಗೂ ನೆಮ್ಮದಿ ಇರಲಿಲ್ಲ. ಸಹೋದ್ಯೋಗಿಯೊಬ್ಬರು, ಏಕಾದಶಿ ತಪ್ಪಿಸಿ ದಿನ ಕೊಟ್ಟರಾಯಿತಲ್ಲ ಎಂದರು. ನಾನೂ ಪಂಚಾಂಗ ತರಿಸಿ ನೋಡಿದ್ದೆ. ಕೆಟ್ಟ ಕಿಡ್ನಿಗೆ ಪೆಮೆಟ್ರೆಕ್ಸೆಡ್ ಇನ್ನು ಕೊಡುವಂತಿರಲಿಲ್ಲ. ಕೊಡಬಹುದಾದದ್ದು ವಾರಕ್ಕೊಮ್ಮೆ ಸಣ್ಣ ಡೋಸಿನ ಪ್ಯಾಕ್ಲಿಟ್ಯಾಕ್ಸೆಲ್, ಅದಕ್ಕೆ ಕೂದಲೂ ಉದುರುತ್ತದೆ. ವಾರ ವಾರ ಕೊಡುವ ಔಷಧಕ್ಕೆ, ಪಕ್ಷಕ್ಕೊಂದು ಬರುವ ಏಕಾದಶಿಯನ್ನು ತಪ್ಪಿಸುವುದು ಹೇಗೆ? ಈಗಷ್ಟೇ ಎದ್ದು ಕೂತ ಕಿಡ್ನಿ ಇನ್ನೊಮ್ಮೆ ಒಣಗಿದರೆ ಏಳುವುದಿಲ್ಲ. ಕಡೆಗೆ ಆ ದಿನದಂದು ಅವರು ನೀರು ಕುಡಿಯಲೇಬೇಕು. ಬೇರೆ ದಾರಿ ಇರಲಿಲ್ಲ.

ಅವರು ಬರಲಿಲ್ಲ. ಫೋನ್ ಮಾಡಿದರೆ ಕೆಮ್ಮಿನ ನಡುವೆ ಅದೇ “ಆರಾಮ”.

ಸಿರುಗುಪ್ಪದಲ್ಲಿ ನಾನು ಆಗಾಗ ಹೊರರೋಗಿಗಳನ್ನು ನೋಡಲು ಹೋಗುವುದುಂಟು. ಅವತ್ತು ಕುರುಗೋಡಿನ ತವರಲ್ಲಿ ಉಳಿದಿದ್ದವಳು ಅಲ್ಲಿಂದಲೇ ಹೊರಟಿದ್ದೆ. ದಾರಿಯಲ್ಲಿ ಮಾಸ್ತರರ ಮಗಳ ಫೋನು. ಅಪ್ಪನಿಗೆ ಮಲಗಿದರೆ ಉಸಿರು ಸಿಗುತ್ತಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ, ಬಚ್ಚಲಿಗೆ ಹೋಗಲೂ ಹಿಡಿದುಕೊಳ್ಳಬೇಕು. ತನ್ನ ಕಾಲ ಮೇಲೆ ಅಡ್ಡಾಡಬೇಕೆಂದು ಕೇಳಿಕೊಂಡ ಮನುಷ್ಯ. ಓಪಿಡಿ ಮುಗಿಸಿ ಸೀದಾ ಅವರ ಮನೆಗೇ ಹೋದೆ.

ಮಾಸ್ತರರು ಪಡಸಾಲೆಯಲ್ಲಿ ದಿಂಬುಗಳಿಗೆ ಒರಗಿದ್ದರು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರೆ ಬಲಗಡೆ ಸದ್ದೇ ಇಲ್ಲ, ಮತ್ತೆ ನೀರು ತುಂಬಿತ್ತು. ಅವರೇ ನನ್ನ ಮುಖ ನೋಡಿ, ಒಳಗೆ ನೋಡಿ, “ನನಗ ಬಾಯಿ ಬರೂದಿಲ್ಲ ತಾಯಿ. ನೀವಽ ಹೇಳ್ರಿ. ನಾ ಇಲ್ಲೇ ಇರ್ತೀನಿ” ಎಂದರು.

ಅಮ್ಮನವರು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೆಸರುಬೇಳೆ ಆರಿಸುತ್ತಿದ್ದರು. ಮಡಿಯಲ್ಲಿದ್ದರು. ನಾನು ದೂರದಲ್ಲಿ ನೆಲದ ಮೇಲೆ ಕೂತೆ. ಕೆಟ್ಟ ಸುದ್ದಿ ಹೇಳುವ ಬಗೆ ನಮಗೆ ಕಲಿಸಿರುತ್ತಾರೆ. ಮೊದಲು ಅವರಿಗೆಷ್ಟು ಗೊತ್ತಿದೆ ಕೇಳು, ಆಮೇಲೆ ಮೆಲ್ಲಗೆ ಮುಂದೆ ಹೋಗು. ಎಲ್ಲ ಮರೆತುಹೋಯಿತು. “ಅಮ್ಮಾರೇ, ಮಾಸ್ತರಿಗೆ ಇರೋದು ಕ್ಯಾನ್ಸರ್” ಎಂದುಬಿಟ್ಟೆ. ಕೊಟ್ಟದ್ದು ಕೀಮೋ ಎಂದೆ. ಏಕಾದಶಿಯಂದು ನೀರಿಲ್ಲದ್ದಕ್ಕೆ ಕಿಡ್ನಿ ನಿಂತು ಸಾಯುವ ಹಂತಕ್ಕೆ ಹೋದರು ಎಂದೆ. ನಿಮಗೆ ತಿಳಿಯಬಾರದೆಂದು ಗೊತ್ತಿದ್ದೂ ಕುಡಿಯಲಿಲ್ಲ ಎಂದೆ.

ಅಳುತ್ತಾರೆ ಅಂದುಕೊಂಡಿದ್ದೆ. ಅವರ ಕೈ ಮೊರದ ಮೇಲೆ ಹಾಗೇ ನಿಂತಿತು.

“ಅವತ್ತು ಮಧ್ಯಾಹ್ನ” ಎಂದರು, ನನ್ನನ್ನು ನೋಡದೆ. “ನಾಲಿಗಿ ಒಣಗೇದ ಅಂದ್ರು. ಲೋಟಾನೂ ಹಿಡಕೊಂಡಿದ್ರು. ನಾನಽ ಅಂದೆ, ಇನ್ನೊಂದು ರಾತ್ರಿ ತಡೀರಿ, ಬೆಳಿಗ್ಗೆ ಪಾರಣಿ ಅದ ಅಂತ. ನಾನಽ ಲೋಟಾ ಇಸಕೊಂಡು ಒಳಗಿಟ್ಟೆ.”

ಆಮೇಲೆ ಎದ್ದರು. ಬೇಳೆ ಚೆಲ್ಲಿಹೋಯಿತು. ಪಡಸಾಲೆಗೆ ಬಂದು ಗಂಡನೆದುರು ನಿಂತರು. ಆ ದನಿ ಆ ಸಣ್ಣ ಮೈಯಿಂದ ಹೇಗೆ ಬಂತೋ ಕಾಣೆ. “ನನ್ನ ಕೈಯಿಂದನಽ ಕೊಲ್ಲಿಸ್ತಿದ್ರಿ! ನನಗ ಗೊತ್ತಿಲ್ಲದಽ, ನನ್ನ ಕೈಯಿಂದನಽ! ಅಕ್ಕ ಹೋದಾಗ ನಾ ಸತ್ತೆನೇನು? ಸತ್ತೆನೇನ್ರೀ?”

ಮಾಸ್ತರರು ತಲೆ ತಗ್ಗಿಸಿದರು. ತಪ್ಪು ಲೆಕ್ಕ ಮಾಡಿ ಬೋರ್ಡಿನ ಮುಂದೆ ನಿಂತ ಮಕ್ಕಳ ಹಾಗೆ ಕಂಡರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಹೋಗಿ ಕಾರಿನಲ್ಲಿ ಕೂತೆ. ಅತ್ತುಬಿಟ್ಟೆ ಕೂಡ, ಯಾಕೆ ಮುಚ್ಚಿಡಲಿ. ಸ್ವಲ್ಪ ಹೊತ್ತಿನ ಮೇಲೆ ಅಮ್ಮನವರೇ ಬಾಗಿಲಿಗೆ ಬಂದು “ನಾಳೆ ಎಷ್ಟು ಗಂಟೆಗೆ ಕರಕೊಂಡು ಬರಬೇಕ್ರಿ?” ಎಂದು ಕೇಳಿದರು.

ಎದೆಯ ನೀರು ತೆಗೆದೆವು. ಅದು ಮತ್ತೆ ತುಂಬದ ಹಾಗೆ ಒಳಗೆ ಔಷಧ ಹಾಕಿ ಪೊರೆ ಅಂಟಿಸಿದೆವು. ಕೀಮೋ ಬೇಕೋ ಬೇಡವೋ ಎಂದು ಈ ಸಲ ಮೂವರನ್ನೂ ಕೂರಿಸಿಕೊಂಡು ಕೇಳಿದೆ. ಬೇಡವೆಂದರೂ ಉಸಿರಿಗೆ, ನೋವಿಗೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಮಾಸ್ತರರು ಹೆಂಡತಿಯ ಮುಖ ನೋಡಿದರು. “ಕೊಡ್ರಿ” ಎಂದರು. “ಕೂದಲಾ ಹೋದ್ರ ಹೋಗ್ಲಿ.” ಏಕಾದಶಿಯಂದೂ ನೀರು ಕುಡಿಯುತ್ತೇನೆಂದು ಒಪ್ಪಿಕೊಂಡರು.

ಮೊದಲ ಎರಡು ವಾರ ಸರಾಗವಾಗಿ ಹೋದವು. ರಕ್ತಕಣಗಳು ಇಳಿಯಲಿಲ್ಲ, ಕ್ರಿಯಾಟಿನಿನ್ ಅಲುಗಲಿಲ್ಲ. ಮಾಸ್ತರರು ಲಿಫ್ಟು ಬಿಟ್ಟು ಒಂದು ಮಹಡಿ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ನನ್ನ ಕಡೆ ಗೆದ್ದವರ ಹಾಗೆ ನೋಡಿದರು. ಮೂರನೇ ಡೋಸು ಸರಿಯಾಗಿ ಏಕಾದಶಿಯ ಮೇಲೇ ಬಂತು. ಮುಂದೂಡೋಣವೇ ಎಂದು ಸಿಸ್ಟರ್ ಕೇಳಿದರು. ಬೇಡವೆಂದೆ. ಸಿರುಗುಪ್ಪದಲ್ಲಿ ಆಗುವ ಬದಲು ನನ್ನ ಕಣ್ಣೆದುರೇ ಆಗಲಿ ಎಂದು.

ಅವತ್ತು ಡೇ ಕೇರಿನಲ್ಲಿ ಎಲ್ಲ ಹಾಸಿಗೆಗಳೂ ತುಂಬಿದ್ದವು. ಕ್ಯಾನುಲಾ ಹಾಕಿ, ಅಲರ್ಜಿ ತಡೆಯುವ ಇಂಜೆಕ್ಷನ್‌ಗಳು ಹೋದವು. ಔಷಧ ಸಿದ್ಧವಾಗಿ ಬಂದು ಸ್ಟ್ಯಾಂಡಿನ ಮೇಲೆ ತೂಗುತ್ತಿತ್ತು. ಸಿಸ್ಟರ್ ಫಿಲ್ಟರಿನ ನೀರನ್ನು ಸ್ಟೀಲ್ ಲೋಟದಲ್ಲಿ ತಂದು ಮಾಸ್ತರರ ಕೈಗೆ ಕೊಟ್ಟರು.

ಅವರು ಲೋಟವನ್ನು ಬಾಯಿಯ ಹತ್ತಿರ ತಂದರು. ಇಳಿಸಿದರು. ಮತ್ತೆ ತಂದರು. ನೀರು ಧೋತರದ ಮೇಲೆ ಚೆಲ್ಲಿತು.

“ಆಗವಲ್ದು ತಾಯಿ” ಎಂದರು. ಹಟವಲ್ಲ ಅದು. ಕಣ್ಣಲ್ಲಿ ನೀರು ತುಂಬಿತ್ತು. “ಕುಡೀಬೇಕು ಅಂತ ಮನಸ್ಸದ. ಗಂಟಲಾ ತೆರೀವಲ್ದು. ಸಲೈನ್ ಹಾಕಿಬಿಡ್ರಿ.”

“ಸಲೈನ್ ಸಂಜೀಗೆ ಮುಗೀತೈತಿ. ಆಮ್ಯಾಲೆ ನಾಳೆ ಬೆಳಿಗ್ಗೀ ತನಕ?” ಎಂದೆ. “ನನ್ನೆದುರಿಗೆ ಇಳೀಲಿಲ್ಲಂದ್ರ ಮನಿಯಾಗ ಇಳಿಯಂಗಿಲ್ಲ ಮಾಸ್ತರ್ರೇ. ನೀವು ಕುಡೀದಽ ನಾ ಇದನ್ನ ಹಚ್ಚಂಗಿಲ್ಲ.”

ಅವರು ಲೋಟವನ್ನು ಮಂಚದ ಪಕ್ಕದ ಟೇಬಲ್ಲಿನ ಮೇಲಿಟ್ಟರು. ಸಿಸ್ಟರ್ ನನ್ನನ್ನು ನೋಡಿದರು. ಔಷಧ ತೆಗೆಯಿರಿ ಎಂದು ನಾನು ಕೈ ಮಾಡಿದೆ.

ಆಗ ಅಮ್ಮನವರು ಸ್ಟೂಲಿನಿಂದ ಎದ್ದರು. ಅವರೂ ಹಿಂದಿನ ದಿನ ಮಧ್ಯಾಹ್ನದಿಂದ ಹನಿ ಮುಟ್ಟಿರಲಿಲ್ಲ. ನೇರವಾಗಿ ಬಂದು ಆ ಲೋಟ ಎತ್ತಿಕೊಂಡರು. ಗಂಡನ ಬಾಯಿಗೆ ಹಿಡಿಯುತ್ತಾರೆ ಅಂದುಕೊಂಡೆ. ಇಲ್ಲ. ಮಾಸ್ಕು ಕೆಳಗೆಳೆದು ತಮ್ಮ ತುಟಿಗೇ ಇಟ್ಟುಕೊಂಡರು. ಅವರ ಮನೆಗಳಲ್ಲಿ ನೀರನ್ನು ಎತ್ತಿ ಕುಡಿಯುತ್ತಾರೆ, ಲೋಟಕ್ಕೆ ತುಟಿ ತಾಗಿಸುವುದಿಲ್ಲ. ಈ ಹೆಂಗಸು ಕಚ್ಚಿ ಕುಡಿದರು. ಯಾರು ಯಾರೋ ಮುಟ್ಟಿದ ಲೋಟದಲ್ಲಿ, ಆಸ್ಪತ್ರೆಯ ನೀರನ್ನು, ಏಕಾದಶಿಯ ದಿನ, ಗಟಗಟನೆ ಅರ್ಧ ಲೋಟ.

ಮಾಸ್ತರರು “ಏ, ಏ” ಎಂದು ಕೈ ಚಾಚಿದವರು ಹಾಗೇ ಬಾಯಿ ತೆರೆದು ಕೂತರು.

ಅಮ್ಮನವರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಉಳಿದರ್ಧ ನೀರಿನ ಲೋಟವನ್ನು ಗಂಡನ ಕೈಗೆ ಕೊಟ್ಟು, ಅವರ ಬೆರಳುಗಳನ್ನು ಅದರ ಸುತ್ತ ಮಡಚಿದರು.

“ಈಗ ನಂದೂ ಹೋತು” ಎಂದರು. “ಕುಡೀರಿ.”

ಮಾಸ್ತರರು ಕುಡಿದರು.